ಗುಂಡಿ ಫೋನಿನ ಸಾಕ್ಷಿ

ಹಸುವಿನ ಹಿಂಭಾಗದೊಳಗೆ ಭುಜದವರೆಗೆ ಕೈ ತೂರಿಸಿ ನಿಂತವಳಿಗೆ ಯಾವ ಫೋನು ಅನುಕೂಲ ಅಂತ ಫೋನು ಮಾಡುವವರು ಯಾರೂ ಇವತ್ತಿನವರೆಗೆ ಯೋಚಿಸಿಲ್ಲ. ಯೋಚಿಸಿದ್ದರೆ ನನ್ನನ್ನು ಬಂದು ಕೇಳುತ್ತಿದ್ದರು. ಹದಿಮೂರು ವರ್ಷದಿಂದ ನನ್ನ ಕೆಲಸ ಇದೇ. ನಂಜನಗೂಡಿನ ಸುತ್ತಿನ ಹದಿನೆಂಟು ಹಳ್ಳಿಗಳಲ್ಲಿ ಬೆದೆಗೆ ಬಂದ ಹಸುಗಳಿಗೆ ಕಡ್ಡಿ ಹಾಕುವುದು, ಅಂದರೆ ಹೋರಿಯ ಮುಖವನ್ನೂ ನೋಡದೆ ಹಸು ಬಸಿರಾಗುವ ಏರ್ಪಾಡು ಮಾಡುವುದು. ಮೂರು ತಿಂಗಳಾದ ಮೇಲೆ ಹೋಗಿ ಗಬ್ಬ ನಿಂತಿದೆಯೋ ಇಲ್ಲವೋ ಕೈ ಹಾಕಿ ನೋಡುವುದು. ಮದುವೆ ಮಾಡಿಸುವ ಪುರೋಹಿತರಿಗೆ ದಕ್ಷಿಣೆ, ಶಾಲು, ಬಾಳೆಎಲೆ ಊಟ ಎಲ್ಲ ಇದೆ. ನನಗೆ ಸಿಗುವುದು ಬಾಲದ ಏಟು.

ಹೆಸರು ಯಶೋಧರಾ. ಹಳ್ಳಿಗಳಲ್ಲಿ ಯಶೋದಮ್ಮ ಅನ್ನುತ್ತಾರೆ. ಯಶೋದೆ ಕೃಷ್ಣನನ್ನು ಸಾಕಿದವಳು, ಯಶೋಧರೆ ಬುದ್ಧನ ಹೆಂಡತಿ, ನಾವು ಬೌದ್ಧರು ಎಂದು ತಿದ್ದಿ ತಿದ್ದಿ ಸಾಕಾಯಿತು. ‘ಇರ್ಲಿ ಬುಡು ಯಶೋದಮ್ಮ’ ಎನ್ನುತ್ತಾರೆ. ನನ್ನ ಗಂಡನ ಹೆಸರು ಬೇರೆ ಕೃಷ್ಣ. ತಾಂಡ್ಯದ ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸ. ಅವನಿಗೆ ಮೂರು ಹೊತ್ತು ಬೇಯಿಸಿ ಹಾಕಿ ಸಾಕುತ್ತಿರುವವಳು ನಾನೇ ಆದ್ದರಿಂದ ಈಗ ತಿದ್ದುವುದನ್ನು ಬಿಟ್ಟಿದ್ದೇನೆ.

ಫೋನಿನ ವಿಷಯಕ್ಕೆ ಬರೋಣ. ಗಬ್ಬ ನೋಡುವಾಗ ನನ್ನ ಎಡಗೈ ಹಸುವಿನೊಳಗೆ, ಬಲಗೈ ಹೊರಗೆ. ಬಲಗೈ ಸುಮ್ಮನಿರುವ ಹಾಗಿಲ್ಲ, ಕಂಡದ್ದನ್ನು ಆಗಿಂದಾಗಲೇ ಬರೆದುಕೊಳ್ಳಬೇಕು. ಆ ಕೈಗೆ ಸೋಪಿನ ನೀರು, ಸಗಣಿ, ಬೆವರು ಎಲ್ಲ ಮೆತ್ತಿರುತ್ತದೆ. ಕಣ್ಣು ಹಸುವಿನ ಕಾಲಿನ ಮೇಲೆ, ಇಲ್ಲದಿದ್ದರೆ ಮೊಣಕಾಲು ಮುರಿಯುತ್ತದೆ. ಇಂಥ ಹೊತ್ತಿನಲ್ಲಿ ಗಾಜು ಉಜ್ಜುವ ಫೋನು ಹಿಡಿದರೆ ಕೆಲಸ ಕೆಟ್ಟಂತೆಯೇ. ನನ್ನದು ಬ್ಲ್ಯಾಕ್‌ಬೆರಿ. ಒಂದು ಕಾಲಕ್ಕೆ ದೊಡ್ಡ ಸಾಹೇಬರು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರೆಯುತ್ತಿದ್ದ ಜಾತಿಯದು. ಮೇಲೆ ಗಾಜು, ಕೆಳಗೆ ಮೂವತ್ತೈದು ಗುಂಡಿ. ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ನಾಗೇಂದ್ರನ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡಿಗೆ ಸಿಕ್ಕಿತ್ತು. ಗುಂಡಿಗಳ ಮೇಲಿನ ಅಕ್ಷರ ಅರ್ಧಕ್ಕರ್ಧ ಸವೆದು ಹೋಗಿದೆ. ನನ್ನ ಹೆಬ್ಬೆರಳಿಗೆ ಅಕ್ಷರ ಬೇಕಾಗಿಲ್ಲ, ಜಾಗ ಗೊತ್ತಿದ್ದರೆ ಸಾಕು. ನೋಡದೆ ಒತ್ತುತ್ತೇನೆ, ಟಕಟಕ ಅನ್ನುತ್ತದೆ, ಮುಗಿಯಿತು. ಜನ ಮಾತ್ರ ‘ಇನ್ನೂ ಗುಂಡಿ ಫೋನಾ ಯಶೋದಮ್ಮ, ಕಾಲ ಎಲ್ಲಿಗೋ ಓಯ್ತು’ ಅನ್ನುತ್ತಿದ್ದರು. ಅವರ ಗಾಜಿನ ಫೋನುಗಳಲ್ಲಿ ಅವರು ಮಾಡುತ್ತಿದ್ದ ಘನಂದಾರಿ ಕೆಲಸ ನನಗೆ ಗೊತ್ತಿಲ್ಲವೇ? ಯಾರೋ ಕುಣಿಯುವುದನ್ನು ನೋಡುವುದು.

ಈ ಕಡೆಯ ಹಳ್ಳಿಗಳಲ್ಲಿ ಒಂದು ಪದ್ಧತಿ ಇದೆ. ಹಸು ಗಬ್ಬ ನಿಂತದ್ದನ್ನು ಬಾಯಲ್ಲಿ ಆಡಬಾರದು. ಆಡಿದರೆ ಯಾರದಾದರೂ ಕಣ್ಣು ಬಿದ್ದು ಹಸು ಕಂದು ಹಾಕುತ್ತದೆ, ಅಂದರೆ ಬಸಿರು ಇಳಿದುಹೋಗುತ್ತದೆ. ದೃಷ್ಟಿಗಿಷ್ಟಿ ನಾನು ನಂಬುವುದಿಲ್ಲ. ಆದರೆ ಹಸು ನನ್ನದಲ್ಲ, ಕಂದು ಹಾಕಿದರೆ ಬೈಗುಳ ಮಾತ್ರ ನನ್ನದು. ಹಾಗಾಗಿ ನಾನೂ ಏನೂ ಹೇಳುತ್ತಿರಲಿಲ್ಲ. ಕೈ ತೆಗೆದು ತೊಳೆದುಕೊಂಡು, ಫೋನಿನಲ್ಲಿ ಬರೆದದ್ದನ್ನು ಮನೆಯವರಿಗೆ ಗುಟ್ಟಾಗಿ ತೋರಿಸುತ್ತಿದ್ದೆ.

ಆಮೇಲಾಮೇಲೆ ನನಗೊಂದು ವಿಚಿತ್ರ ಕಾಣಿಸಿತು. ಹೆಮ್ಮರಗಾಲದ ರುದ್ರಮ್ಮನ ಮನೆಯಲ್ಲಿ, ನನ್ನ ಕೈ ಇನ್ನೂ ಹಸುವಿನೊಳಗೆ ಇರುವಾಗಲೇ ಆಕೆ ಒಳಗೆ ಹೋಗಿ ಕಾಫಿಗೆ ಇಡುತ್ತಿದ್ದಳು. ಕಾಫಿ ಬಂದ ದಿನ ಹಸು ಗಬ್ಬ. ಇಲ್ಲದ ದಿನ ಬರೀ ನೀರು. ಒಂದು ದಿನ ಕೇಳಿಯೇಬಿಟ್ಟೆ.

“ನಾನು ಇನ್ನೂ ತೋರ್ಸೇ ಇಲ್ಲ, ನಿಮ್ಗೆ ಹೆಂಗೆ ಗೊತ್ತಾಗುತ್ತೆ ರುದ್ರಮ್ಮ?”

“ನಿನ್ನ ಫೋನೇ ಯೋಳ್ತದಲ್ಲವ್ವ. ನಿಂತಿದ್ರೆ ಟಕಟಕ ಟಕಟಕ ಅಂತ ಒತ್ತಿದ್ದೂ ಒತ್ತಿದ್ದೇ. ಇಲ್ದಿದ್ರೆ ಒಂದೇ ಟಕ್ಕು.”

ನಾನು ಬೆಪ್ಪಾದೆ. ಗಬ್ಬ ನಿಂತಿದ್ದರೆ ತಿಂಗಳು, ಹೋರಿಯ ನಂಬರು, ಈಯುವ ತಾರೀಕು ಎಲ್ಲ ಬರೆಯಬೇಕು. ಇಲ್ಲದಿದ್ದರೆ ಕೊನೆಯ ಸಾಲಿನಲ್ಲಿ ಬಲಗಡೆಯ ಒಂದು ಗುಂಡಿ ಒತ್ತಿದರೆ ಸಾಕು. ಇಷ್ಟನ್ನು ಹದಿನೆಂಟು ಹಳ್ಳಿಯ ಹೆಂಗಸರು ಯಾವತ್ತೋ ಕಂಡುಹಿಡಿದುಕೊಂಡಿದ್ದರು. ಕೊಟ್ಟಿಗೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದದ್ದು ಹಸುವಿನ ಮೇಲಿನ ಮಮತೆಗೆ ಅಂದುಕೊಂಡಿದ್ದೆ. ಗುಂಡಿಯ ಸದ್ದು ಕೇಳುವುದಕ್ಕೆ. ಯಾರೂ ಬಾಯಲ್ಲಿ ಆಡಲಿಲ್ಲ, ಕಣ್ಣು ಬೀಳುವ ಪ್ರಶ್ನೆಯೇ ಇಲ್ಲ, ಸುದ್ದಿ ಮಾತ್ರ ಎಲ್ಲರಿಗೂ ಗೊತ್ತು. ಕೊನೆಗೆ ತಿಳಿದದ್ದು ನನಗೇ.

ಈ ರುದ್ರಮ್ಮ ಗಂಡ ಸತ್ತ ಹೆಂಗಸು. ಗಂಡನ ಅಣ್ಣ ಮಾದಪ್ಪ ಅದೇ ಬೀದಿಯಲ್ಲಿ ಇದ್ದಾನೆ. ಮೂರು ವರ್ಷದ ಹಿಂದೆ ಅವನ ಮನೆಯಲ್ಲಿ ಒಂದು ಕೆಂಪು ಕರು ಭೇದಿ ಹತ್ತಿ ಸಾಯಲು ಬಿದ್ದಿತ್ತು. ತಿಪ್ಪೆಗೆ ಎಳೆಯುವ ಬದಲು ರುದ್ರಮ್ಮನ ಬಾಗಿಲಿಗೆ ತಂದು ಬಿಟ್ಟ. ಆಕೆ ಗಂಜಿ ಕುಡಿಸಿ, ರಾತ್ರಿಯೆಲ್ಲ ಗೋಣಿ ಹೊದಿಸಿ ಬದುಕಿಸಿಕೊಂಡಳು. ಕೆಂಚಿ ಅಂತ ಹೆಸರಿಟ್ಟಳು. ಕರು ಬದುಕಿ ಮೈ ತುಂಬಿಕೊಂಡ ಮೇಲೆ ಮಾದಪ್ಪನಿಗೆ ಅದು ತನ್ನದು ಎಂಬುದು ನೆನಪಾಯಿತು. ಡೈರಿಯ ಮುಂದೆ ನಾಲ್ಕು ಜನರನ್ನು ಕೂರಿಸಿಕೊಂಡು ಮಾತು ಮಾಡಿದ. ಶಿವರಾತ್ರಿಯ ಒಳಗೆ ಗಬ್ಬ ನಿಂತರೆ ಕೆಂಚಿ ರುದ್ರಮ್ಮನಿಗೆ, ಮೊದಲನೆಯ ಕರು ಮಾತ್ರ ಮಾದಪ್ಪನಿಗೆ. ನಿಲ್ಲದಿದ್ದರೆ ಹಸು ವಾಪಸ್ಸು, ಅವನು ಸಂತೆಗೆ ಹೊಡೆಯುತ್ತಾನೆ. ಪಾಲಿಗೆ ಸಾಕುವವರಲ್ಲಿ ಇಂಥ ಮಾತು ನಡೆಯುತ್ತದೆ. ಆದರೆ ಸಾಯುವ ಕರುವನ್ನು ಪಾಲಿಗೆ ಕೊಟ್ಟವನನ್ನು ನಾನು ಕಂಡದ್ದು ಇವನೊಬ್ಬನನ್ನೇ.

ಎರಡು ಸಲ ಕಡ್ಡಿ ಹಾಕಿದೆ, ನಿಲ್ಲಲಿಲ್ಲ. ಮೂರನೆಯದು ಹಾಕಿ ಶಿವರಾತ್ರಿಗೆ ಹತ್ತು ದಿನ ಮೊದಲು ಬಂದು ನೋಡುತ್ತೇನೆ ಅಂತ ಹೇಳಿ ಬಂದೆ. ರುದ್ರಮ್ಮ ಒಂದೇ ಮಾತು ಹೇಳಿದಳು. “ನಿಂತಿದ್ರೂ ಬಾಯ್ಬುಡಬ್ಯಾಡ ಕನವ್ವ. ಮೊದ್ಲಿದ್ದ ಅಸ ಡೈರಿ ಮುಂದೆ ಯೋಳ್ಕಂಡ್ ಬಂದ್ಮೇಲೆ ಎರಡ್ ಸಲ ಕಂದಾಕ್ತು.”

ಆಯಿತು ಅಂದೆ. ಅಷ್ಟರಲ್ಲಿ ನಂಜುಂಡಸ್ವಾಮಿ ಸಾಹೇಬರಿಗೆ ಆ್ಯಪು ಬಂತು.

ನಂಜುಂಡಸ್ವಾಮಿ ನಮ್ಮ ಮೇಲಿನವರು. ತಿಂಗಳಿಗೊಮ್ಮೆ ತಿ. ನರಸೀಪುರದಲ್ಲಿ ಮೀಟಿಂಗು ಕರೆಯುತ್ತಾರೆ. ಹಸುವಿನ ಒಳಗಿರಲಿ, ಹಸುವಿನ ಹತ್ತಿರಕ್ಕೆ ಹೋಗಿ ಎಷ್ಟು ವರ್ಷವಾಯಿತೋ ಅವರಿಗೇ ನೆನಪಿಲ್ಲ. ಅವತ್ತು ನಮಗೆಲ್ಲ ಒಂದೊಂದು ದೊಡ್ಡ ಗಾಜಿನ ಫೋನು ಹಂಚಿದರು. ಇನ್ನು ಮುಂದೆ ಎಲ್ಲವೂ ಇದರಲ್ಲೇ. ಗಬ್ಬ ನೋಡಿದ ತಕ್ಷಣ ‘ಹೌದು’ ಅಥವಾ ‘ಇಲ್ಲ’ ಮುಟ್ಟಬೇಕು. ಮುಟ್ಟಿದ ತಕ್ಷಣ ಫೋನೇ ಜೋರಾಗಿ ಹೇಳುತ್ತದೆ. ಸದ್ದು ಕಡಿಮೆ ಮಾಡಿದರೆ ಆ್ಯಪು ಮುಚ್ಚಿಕೊಳ್ಳುತ್ತದೆ.

“ಜೋರಾಗಿ ಯಾಕೆ ಸಾರ್?” ಅಂದೆ.

“ಪಾರದರ್ಶಕತೆ ಕಣಮ್ಮ. ರೈತರಿಗೆ ಸ್ಥಳದಲ್ಲೇ ಮಾಹಿತಿ ಸಿಗ್ಬೇಕು.”

“ಹಸು ಗಬ್ಬ ಆಗಿದೆ ಅಂತ ಹಳ್ಳೀಲಿ ಕೂಗಬಾರ್ದು ಸಾರ್.”

“ನೀವು ಬುದ್ಧನ ಕಡೆಯೋರು, ನೀವೇ ಮೂಢನಂಬಿಕೆ ಮಾತಾಡಿದ್ರೆ ಹೆಂಗೆ?”

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನ ಹಳೇ ಫೋನಿನಲ್ಲೇ ಆ ಆ್ಯಪು ಹಾಕಿಕೊಡಿ ಅಂದೆ. ಅದು ಈ ಫೋನಿಗೆ ಹತ್ತುವುದಿಲ್ಲ ಅಂತ ತೋರಿಸಿದರು. “ಮ್ಯೂಸಿಯಮ್ಮಿಗೆ ಕೊಡಮ್ಮ. ಇನ್ನೊಂದ್ಸಲ ಅದು ನಿಮ್ಮ ಕೈಯಲ್ಲಿ ಕಂಡ್ರೆ ಮೆಮೊ ಕೊಡ್ತೀನಿ” ಅಂದರು. ಸಿಟ್ಟು ಬಂದರೆ ನನಗೆ ಮುಂದುಹಿಂದು ಕಾಣುವುದಿಲ್ಲ. ಮೀಟಿಂಗಿನಿಂದ ನೆಟ್ಟಗೆ ನಾಗೇಂದ್ರನ ಅಂಗಡಿಗೆ ಹೋಗಿ ಗುಂಡಿ ಫೋನನ್ನು ಅವನ ಮೇಜಿನ ಮೇಲೆ ಕುಕ್ಕಿದೆ. ಬಿಚ್ಚಿ ಸ್ಪೇರಿಗೆ ಇಟ್ಟುಕೋ ಅಂತ ಹೇಳಿ ಹಿಂತಿರುಗಿ ನೋಡದೆ ಬಂದೆ. ಆಮೇಲೆ ನಂಜನಗೂಡು ತಲಪುವ ತನಕ ಸ್ಕೂಟಿ ಮೇಲೆ ಅತ್ತೆ. ಫೋನಿಗೆ ಅಳುವವರು ಇರುತ್ತಾರಾ ಅಂದರೆ ಇದ್ದಾರೆ.

ಗಾಜಿನ ಫೋನಿನ ಪ್ರತಾಪ ಮೊದಲ ವಾರದಲ್ಲೇ ಗೊತ್ತಾಯಿತು. ಒದ್ದೆ ಬೆರಳಿಗೆ ಅದು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಒಂದು ದಿನ ಯಾವುದೋ ಎಮ್ಮೆಯ ಹಿಂಭಾಗದ ಫೋಟೊ ತೆಗೆದು ನಮ್ಮ ಆಫೀಸಿನ ಗುಂಪಿಗೆ ಕಳಿಸಿಬಿಟ್ಟಿತು. ಅವತ್ತು ನಂಜುಂಡಸ್ವಾಮಿಯವರ ಹುಟ್ಟುಹಬ್ಬ. ಹೂಗುಚ್ಛ, ಕೇಕು, ಕೈಮುಗಿಯುವ ಚಿತ್ರಗಳ ನಡುವೆ ಎಮ್ಮೆ ಹೋಗಿ ನಿಂತಿತು. ತೆಗೆಯುವುದು ಹೇಗೆ ಅಂತ ನಾನು ತಡಕಾಡುವಷ್ಟರಲ್ಲಿ ಇಬ್ಬರು ಅದಕ್ಕೂ ಲೈಕು ಒತ್ತಿದ್ದರು. ನನಗೆ ಮೆಮೊ ಬಂತು. ಎಮ್ಮೆಗೆ ಬರಲಿಲ್ಲ.

ಆಡಿದ ಮಾತಿನಂತೆ ಹೆಮ್ಮರಗಾಲಕ್ಕೆ ಹೋದೆ. ಮಟಮಟ ಮಧ್ಯಾಹ್ನ. ರುದ್ರಮ್ಮನ ಕೊಟ್ಟಿಗೆಯಲ್ಲಿ ಮಾದಪ್ಪ ಆಗಲೇ ಬಿಳಿ ಶರಟು ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದ. ಅಕ್ಕಪಕ್ಕದ ಇಬ್ಬರು ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ರುದ್ರಮ್ಮ ಕೆಂಚಿಯ ಮುಖದ ಹತ್ತಿರ ಹಗ್ಗ ಹಿಡಿದು ನಿಂತಳು. ನಾನು ಕೈಗವಸು ತೊಟ್ಟು, ಸೋಪು ಹಚ್ಚಿ, ಎಡಗೈ ಒಳಗೆ ಹಾಕಿದೆ.

ಸಿಕ್ಕಿತು. ಸಣ್ಣ ತೆಂಗಿನಕಾಯಿಯಷ್ಟು ದೊಡ್ಡ ನೀರಿನ ಚೀಲ, ಬೆರಳಿಗೆ ತೂಗಿ ತೂಗಿ ತಾಗುತ್ತಿತ್ತು. ಮೂರು ತಿಂಗಳು ತುಂಬಿದ ಗಬ್ಬ, ಅನುಮಾನವೇ ಇಲ್ಲ. ನನಗೆ ಎಂಥ ಸಂತೋಷವಾಯಿತು ಅಂದರೆ, ಆ ಸಂತೋಷದಲ್ಲೇ ಬಲಗೈಯ ಹೆಬ್ಬೆರಳು ತನಗೆ ಅಭ್ಯಾಸವಿದ್ದ ಹಾಗೆ ಕೆಳಗಿನ ಸಾಲಿಗೆ ಇಳಿಯಿತು. ಗುಂಡಿ ಫೋನಿನಲ್ಲಿ ತಾರೀಕು ಬರೆಯಲು ಶುರು ಮಾಡುವುದು ಅಲ್ಲಿಂದಲೇ. ನಾನು ನೋಡಲಿಲ್ಲ. ಹದಿಮೂರು ವರ್ಷದಲ್ಲಿ ನಾನು ಯಾವತ್ತು ನೋಡಿದ್ದೆ? ಗಾಜಿನ ಫೋನಿನಲ್ಲಿ ಆ ಜಾಗದಲ್ಲಿ ಇದ್ದದ್ದು ‘ಇಲ್ಲ’.

“ಈ ರಾಸು ಗರ್ಭ ಧರಿಸಿಲ್ಲ. ಧನ್ಯವಾದಗಳು” ಎಂದು ಫೋನು ಬೀದಿಗೆಲ್ಲ ಕೇಳುವ ಹಾಗೆ ಕೂಗಿತು.

ಮಾದಪ್ಪ ಎದ್ದು ಪಂಚೆ ಕೊಡವಿಕೊಂಡ. “ಸರ್ಕಾರದ ಫೋನೇ ಯೋಳ್ತಲ್ಲ. ಇನ್ನತ್ತು ದಿನ್ದಲ್ಲಿ ಇನ್ನೇನ್ ನಿಂತದು? ಸಾಯಂಕಾಲ ಆಲಿನ ಒತ್ಗೆ ಟೆಂಪೊ ತತ್ತೀನಿ, ನಾಳೆ ಸಂತೆ.”

“ಇಲ್ಲ, ಅದು ತಪ್ಪು” ಎನ್ನಲು ಬಾಯಿ ತೆಗೆದೆ. ರುದ್ರಮ್ಮ ಕೆಂಚಿಯ ಕೊರಳ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖ ನೋಡಿಯೇ ಆಕೆಗೆ ತಿಳಿದಿತ್ತು. ಬೇಡ ಅಂತ ಸಣ್ಣಗೆ ತಲೆ ಆಡಿಸಿದಳು. ಹಸು ಹೋದರೂ ಸರಿ, ಕಣ್ಣು ಬೀಳುವುದು ಬೇಡ. ಹೇಳಿದರೆ ಗಬ್ಬ ಇಳಿಯುತ್ತದೆ, ಹೇಳದಿದ್ದರೆ ಹಸುವೇ ಹೋಗುತ್ತದೆ. ನಾನು ಕೈ ಒಳಗಿಟ್ಟುಕೊಂಡೇ ಬಾಯಿ ಮುಚ್ಚಿಕೊಂಡೆ. ಇಂಥ ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ, ಯಾಕೆಂದರೆ ತಪ್ಪು ನನ್ನದು.

ಮಾದಪ್ಪ ಅತ್ತ ಹೋದ ಮೇಲೆ ನಂಜುಂಡಸ್ವಾಮಿಯವರಿಗೆ ಫೋನು ಮಾಡಿದೆ.

“ಎಂಟ್ರಿ ತಪ್ಪಾಗಿದೆ ಸಾರ್, ತಿದ್ದಬೇಕು.”

“ಈಗ ಆಗಲ್ಲಮ್ಮ. ಅರವತ್ತು ದಿನ ಆದ್ಮೇಲೆ ಮರುಪರೀಕ್ಷೆ ಅಂತ ಬರ್ತದೆ, ಅವಾಗ ಮಾಡಿ.”

“ಅಷ್ಟರಲ್ಲಿ ಹಸು ಸಂತೆಗೆ ಹೋಗಿರುತ್ತೆ ಸಾರ್.”

“ಹೋದ್ರೆ ಓನರ್ ಚೇಂಜ್ ಅಂತ ಆಪ್ಷನ್ ಇದೆ ನೋಡಿ” ಅಂದರು. ಮೇಲಿನವರಿಗೆ ಬೈಯಬಾರದು ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ಹಾಗಾಗಿ ಫೋನು ಕಟ್ ಮಾಡಿಯೇ ಬೈದೆ.

ರುದ್ರಮ್ಮ ಕೆಂಚಿಯ ಮುಂದೆ ಹಸಿಹುಲ್ಲು ಹಾಕುತ್ತಿದ್ದಳು. ಸಂಜೆ ಹೋಗುವ ಹಸುವಿಗೆ ಒಂದು ಹೊರೆ ಜಾಸ್ತಿಯೇ ಹಾಕಿದಳು. “ಆ ಟಕಟಕ ಆಗಿದ್ರೆ ಎಲ್ರಿಗೂ ಗೊತ್ತಾಗ್ತಿತ್ತು” ಎಂದಳು. ನನಗೆ ಹೇಳಿದ್ದೋ ಹಸುವಿಗೆ ಹೇಳಿದ್ದೋ ತಿಳಿಯಲಿಲ್ಲ.

ನಾನು ಕೈಯನ್ನೂ ಸರಿಯಾಗಿ ತೊಳೆಯದೆ ಸ್ಕೂಟಿ ಹತ್ತಿದೆ. ಹೆಮ್ಮರಗಾಲದಿಂದ ತಿ. ನರಸೀಪುರಕ್ಕೆ ಹೋಗಿ ಹಾಲಿನ ಹೊತ್ತಿಗೆ ವಾಪಸ್ಸು ಬರಬೇಕು. ಆ ರಸ್ತೆಯ ಹಳ್ಳಕೊಳ್ಳಗಳಿಗೆ ಅವತ್ತು ನಾನು ಮರ್ಯಾದೆ ಕೊಡಲಿಲ್ಲ, ಅವೂ ನನ್ನ ಸೊಂಟಕ್ಕೆ ಕೊಡಲಿಲ್ಲ.

ನಾಗೇಂದ್ರನ ಮೇಜಿನ ಮೇಲೆ ನನ್ನ ಫೋನು ಎರಡು ಭಾಗವಾಗಿ ಬಿದ್ದಿತ್ತು. ಗಾಜು ಒಂದು ಕಡೆ, ಗುಂಡಿಗಳು ಒಂದು ಕಡೆ.

“ಇವತ್ತೇ ಬಿಚ್ಚಿದೆ ಅಕ್ಕ. ಒಬ್ರು ಲಾಯರು ಕೀಬೋರ್ಡು ಬೇಕು ಅಂದಿದ್ರು, ಅವ್ರದ್ದೂ ಇದೇ ಸೆಟ್ಟು.”

“ಲಾಯರ್‌ಗೆ ಬಾಯಿದೆ, ಗುಂಡಿ ಯಾಕೆ? ಜೋಡಿಸು.”

“ನೀವೇ ಸ್ಪೇರಿಗೆ ಅಂದ್ರಲ್ಲ.”

“ಅಂದೆ. ಈಗ ಜೋಡಿಸು ಅಂತಿದೀನಿ.”

ಅವನು ನನ್ನ ತೋಳು ನೋಡಿದ. ಒಣಗಿದ ಸಗಣಿ ಮೊಣಕೈ ತನಕ ಹತ್ತಿತ್ತು. ಇನ್ನೊಂದು ಮಾತಾಡದೆ ಸ್ಕ್ರೂಡ್ರೈವರು ತೆಗೆದುಕೊಂಡ. ಜೋಡಿಸಿ ಮುಗಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಬ್ಯಾಟರಿ ಶೇಕಡಾ ಒಂಬತ್ತು ತೋರಿಸಿತು.

“ಇದ್ರಲ್ಲಿ ಸಿಮ್ ಇಲ್ಲ ಅಕ್ಕ, ನೆಟ್ ಬರಲ್ಲ, ಏನ್ ಮಾಡ್ತೀರ?”

“ಸದ್ದು ಬರುತ್ತಲ್ಲ, ಸಾಕು.”

ವಾಪಸ್ಸು ಬರುವಾಗ ಪಾಪ ಹುಡುಗ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು ಅನ್ನಿಸಿತು. ಅಂದುಕೊಳ್ಳಲಿ.

ಹೆಮ್ಮರಗಾಲದ ಡೈರಿಯ ಮುಂದೆ ಹಾಲಿನ ಸಾಲು ಆಗಲೇ ನಿಂತಿತ್ತು. ನಲವತ್ತು ಜನ, ನಲವತ್ತು ಕ್ಯಾನು. ಪಕ್ಕದಲ್ಲಿ ಟೆಂಪೊ. ಮಾದಪ್ಪ ಕೆಂಚಿಯ ಹಗ್ಗ ಹಿಡಿದು ಎಳೆಯುತ್ತಿದ್ದ, ಕೆಂಚಿ ನಾಲ್ಕು ಕಾಲನ್ನೂ ಊರಿ ನಿಂತಿತ್ತು. ರುದ್ರಮ್ಮ ಸ್ವಲ್ಪ ದೂರದಲ್ಲಿ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದಳು.

ಡೈರಿಯ ಮುಂದೆ ಹಸು ಕಟ್ಟಿ ಪರೀಕ್ಷೆ ಮಾಡಲು ಕಬ್ಬಿಣದ ಪೈಪಿನ ಕಟ್ಟು ಒಂದಿದೆ. ನಾನು ಸ್ಕೂಟಿ ನಿಲ್ಲಿಸಿ ನೆಟ್ಟಗೆ ಅಲ್ಲಿಗೆ ಹೋದೆ.

“ಮಾದಪ್ಪನೋರೆ, ಹಸುವನ್ನ ಈ ಕಟ್ಟಿನೊಳಗೆ ಬಿಡಿ. ಇನ್ನೊಂದು ಸಲ ನೋಡ್ತೀನಿ.”

“ಸರ್ಕಾರದ ಫೋನು ಯೋಳಾಯ್ತಲ್ಲ ಯಶೋದಮ್ಮ.”

ನಾನು ಚೀಲದಿಂದ ಗುಂಡಿ ಫೋನು ತೆಗೆದು ಎತ್ತಿ ಹಿಡಿದೆ. ಸಾಲಿನಲ್ಲಿದ್ದ ಹೆಂಗಸರು ಕ್ಯಾನು ಕೆಳಗಿಟ್ಟರು. ಯಾರೋ “ಬಂತು ಕನ ಗುಂಡಿ ಫೋನು” ಅಂದರು. ಮಾದಪ್ಪನ ಮುಖ ಸ್ವಲ್ಪ ಇಳಿಯಿತು, ಆದರೆ ಮಾತು ಇಳಿಯಲಿಲ್ಲ.

“ಆ ಡಬ್ಬ ಯಾರ್ ನಂಬ್ತಾರೆ? ನಿಂಗೆ ಬೇಕಾದಂಗೆ ಒತ್ಕತೀಯ.”

“ನಾನು ಬೇಕಾದಂಗೆ ಒತ್ತೋಳು ಅಂತ ಅನುಮಾನ ಇದ್ರೆ ಮೊದ್ಲು ನಿಮ್ಮ ಮನೆ ಹಸುವನ್ನ ತಂದು ಕಟ್ಟಿ. ಏನೂ ಹೇಳಬೇಡಿ. ನಾನು ಒತ್ತಿದ್ದು ಸುಳ್ಳಾದ್ರೆ ಕೆಂಚಿನ ಟೆಂಪೊಗೆ ನಾನೇ ಹತ್ತಿಸ್ತೀನಿ.”

ನಲವತ್ತು ಜನ ನೋಡುತ್ತಿದ್ದರು. ಹಿಂದೆ ಸರಿಯಲು ಅವನಿಗೆ ಆಗಲಿಲ್ಲ. ಡೈರಿ ಸೆಕ್ರೆಟರಿಯೂ ಹಾಲು ಅಳೆಯುವುದನ್ನು ನಿಲ್ಲಿಸಿ ಹೊರಗೆ ಬಂದು ನಿಂತ. ಮಾದಪ್ಪ ಮನೆಗೆ ಹೋಗಿ ತನ್ನ ಬಿಳಿ ಹಸುವನ್ನು ಹಿಡಿದುಕೊಂಡು ಬಂದ. ಅದಕ್ಕೆ ಕಡ್ಡಿ ಹಾಕಿದ್ದು ನಾನಲ್ಲ, ಮೈಸೂರಿನ ಕಡೆಯಿಂದ ಯಾರನ್ನೋ ಕರೆಸಿದ್ದ ಅಂತ ಊರಲ್ಲಿ ಹೇಳುತ್ತಿದ್ದರು. ಅದು ಗಬ್ಬವೋ ಅಲ್ಲವೋ ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಈಗಲೂ ಮುಖ ಗಟ್ಟಿ ಮಾಡಿಕೊಂಡು ಆಕಾಶ ನೋಡುತ್ತ ನಿಂತ.

ನಾನು ಕೈ ಹಾಕಿದೆ. ಒಳಗೆ ಬೆರಳಾಡಿಸಿದೆ. ಬಲಗೈಯಲ್ಲಿ ಗುಂಡಿ ಫೋನು. ಡೈರಿಯ ಮುಂದೆ ಒಂದು ನೊಣ ಹಾರಿದರೂ ಕೇಳುವಷ್ಟು ನಿಶ್ಶಬ್ದ. ಬಿಳಿ ಹಸುವಿಗೆ ನಾಲ್ಕು ತಿಂಗಳಿನ ಗಬ್ಬ. ನಾನು ಒತ್ತಿದೆ.

ಟಕಟಕ, ಟಕಟಕ, ಟಕಟಕ.

“ಥೂ ಥೂ ಥೂ” ಎಂದ ಮಾದಪ್ಪ. ಹಸುವಿನ ಕಡೆ ತಿರುಗಿ ಮೂರು ಸಲ ಉಗಿದು, ನೆಟಿಗೆ ಮುರಿದು, ಕಣ್ಣು ಬೀಳದಿರಲಿ ಅಂತ ತನ್ನ ಟವೆಲನ್ನೇ ಹಸುವಿನ ಬೆನ್ನಿನ ಮೇಲೆ ಹೊದಿಸಿದ. ಮಾಡಿದ ಮೇಲೆ ತಾನು ಏನು ಮಾಡಿದೆ ಅಂತ ಅವನಿಗೆ ಹೊಳೆಯಿತು. ಕೈ ಹಸುವಿನ ಬೆನ್ನಿನ ಮೇಲೆಯೇ ಉಳಿಯಿತು.

ಮೊದಲು ಒಬ್ಬಳು ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. “ಡಬ್ಬ ನಂಬಕ್ಕಿಲ್ಲ ಅಂದೆ, ಥೂ ಥೂ ಯಾಕಣ್ಣ?” ಎಂದು ಸೆಕ್ರೆಟರಿ ಕೇಳಿದ. ಮಾದಪ್ಪ ಬಿಳಿ ಹಸುವನ್ನು ಬಿಚ್ಚಿಕೊಂಡು ಪಕ್ಕಕ್ಕೆ ನಿಂತ.

ಕೆಂಚಿಯನ್ನು ರುದ್ರಮ್ಮನೇ ನಡೆಸಿಕೊಂಡು ಬಂದು ಕಟ್ಟಿನೊಳಗೆ ಬಿಟ್ಟಳು. ಎಳೆಯದೆಯೇ ಬಂತು. ನಾನು ಹೊಸ ಕೈಗವಸು ತೊಟ್ಟೆ. ಬ್ಯಾಟರಿ ಶೇಕಡಾ ಎರಡು. ಕೈ ಹಾಕಿದಾಗ ಮಧ್ಯಾಹ್ನ ಸಿಕ್ಕ ಜಾಗದಲ್ಲೇ ಸಿಕ್ಕಿತು, ತೂಗಿ ತೂಗಿ ಬೆರಳಿಗೆ ತಾಗಿತು. ಈ ಸಲ ಮೊದಲು ಗುಂಡಿಗಳನ್ನು ಕಣ್ಣಾರೆ ನೋಡಿಕೊಂಡೆ. ಆಮೇಲೆ ಒತ್ತಿದೆ. ತಿಂಗಳು ಒತ್ತಿದೆ, ಹೋರಿಯ ನಂಬರು ಒತ್ತಿದೆ, ಈಯುವ ತಾರೀಕು ಒತ್ತಿದೆ. ಬರೆಯಬೇಕಾದ್ದೆಲ್ಲ ಮುಗಿದ ಮೇಲೂ ನನ್ನ ಹೆಸರನ್ನು ಒತ್ತಿದೆ, ರುದ್ರಮ್ಮನ ಹೆಸರನ್ನು ಒತ್ತಿದೆ, ನಂಜುಂಡಸ್ವಾಮಿಯವರ ಬಗ್ಗೆ ಒಂದು ಮಾತನ್ನೂ ಒತ್ತಿದೆ. ಟಕಟಕ ಟಕಟಕ ಎಂದು ಡೈರಿಯ ಗೋಡೆಗೆ ಹೊಡೆದು ಬರುವ ತನಕ ಒತ್ತಿದೆ. ಫೋನು ಅಲ್ಲಿಗೇ ಆರಿಹೋಯಿತು.

ಯಾರೂ ಒಂದು ಮಾತೂ ಆಡಲಿಲ್ಲ. ಹೆಂಗಸರು ಕ್ಯಾನು ಎತ್ತಿಕೊಂಡು ಮತ್ತೆ ಸಾಲಿಗೆ ನಿಂತರು. ರುದ್ರಮ್ಮ ಯಾರ ಮುಖವನ್ನೂ ನೋಡದೆ ಮನೆಯ ಕಡೆ ನಡೆದಳು. ನಾನು ಕೈ ತೊಳೆದುಕೊಳ್ಳುವಷ್ಟರಲ್ಲಿ ಸ್ಟೀಲಿನ ಲೋಟದಲ್ಲಿ ಕಾಫಿ ಹಿಡಿದುಕೊಂಡು ಬಂದಳು. ಹದಿಮೂರು ವರ್ಷದ ಹಿಂದೆ ಅದೇ ಮನೆಯಲ್ಲಿ ನನಗೆ ಪೇಪರ್ ಲೋಟದಲ್ಲಿ ಕೊಡುತ್ತಿದ್ದರು. ಅದು ಬೇರೆ ಕಥೆ, ಅದಕ್ಕೂ ನನ್ನಲ್ಲಿ ಬೇಕಾದಷ್ಟು ಸಿಟ್ಟಿದೆ, ಆದರೆ ಅವತ್ತು ಕಾಫಿ ಚೆನ್ನಾಗಿತ್ತು.

ಮಾದಪ್ಪ ಕೆಂಚಿಯ ಹಗ್ಗವನ್ನು ಪೈಪಿಗೆ ಸಿಕ್ಕಿಸಿ, ಬಿಳಿ ಹಸುವನ್ನು ಮನೆಯ ಕಡೆ ಅಟ್ಟಿ, ಖಾಲಿ ಟೆಂಪೊ ಹತ್ತಿದ. ಹತ್ತುವ ಮೊದಲು ತಿರುಗಿ ಬೆರಳು ತೋರಿಸಿದ. “ಮೊದಲ್ನೆ ಕರ ನಂದು. ನೆಪ್ಪಿರ್ಲಿ.”

“ನೆಪ್ಪಿರ್ತದ ಭಾವ” ಎಂದಳು ರುದ್ರಮ್ಮ.

ಅವತ್ತೇ ಆಕೆಗೆ ನಿಜ ಹೇಳಿಬಿಟ್ಟೆ. ಫೋನು ತಪ್ಪು ಹೇಳಲಿಲ್ಲ ರುದ್ರಮ್ಮ, ನಾನೇ ನೋಡದೆ ತಪ್ಪು ಜಾಗ ಮುಟ್ಟಿದೆ, ನಿಮ್ಮ ಹಸುವನ್ನು ಕಳೆದುಬಿಡಲಿದ್ದವಳು ನಾನೇ ಎಂದೆ. ಆಕೆ ಲೋಟ ತೆಗೆದುಕೊಂಡು, “ಗೊತ್ತು ಬುಡವ್ವ. ನೀನು ಎಲ್ಲಿ ನೋಡ್ಕಂಡು ಒತ್ತೀಯ?” ಅಂದಳು. ಅಷ್ಟೇ.

ಅರವತ್ತು ದಿನ ಕಳೆದ ಮೇಲೆ ಗಾಜಿನ ಫೋನು ನೆನಪಿಸಿತು, ಕೆಂಚಿಯ ಮರುಪರೀಕ್ಷೆ ಮಾಡಿ ಅಂತ. ತಿದ್ದಿಬಿಡೋಣ ಎಂದು ಹೋದೆ. ರುದ್ರಮ್ಮ ಕೊಟ್ಟಿಗೆಗೆ ಅಡ್ಡ ನಿಂತಳು. “ಬ್ಯಾಡ. ಅದು ಅಭಿನಂದನೆ ಅಂತ ಬೀದಿಗೆಲ್ಲ ಕೂಗ್ತದ. ಅಂಗೇ ಇರ್ಲಿ ಬುಡು.” ದೃಷ್ಟಿಯ ಹೆದರಿಕೆಗೆ ಹೇಳುತ್ತಿದ್ದಾಳೆ ಅಂದುಕೊಂಡು ಬಿಟ್ಟು ಬಂದೆ. ಗುಂಡಿ ಫೋನು ಮತ್ತೆ ನನ್ನ ಚೀಲ ಸೇರಿತ್ತು. ಬರೆಯುವುದು ಅದರಲ್ಲಿ, ಆಮೇಲೆ ಊರಾಚೆ ಹೋಗಿ ಹೊಂಗೆ ಮರದ ಕೆಳಗೆ ಕೈ ಒರೆಸಿಕೊಂಡು ಗಾಜಿನ ಫೋನಿಗೆ ಏರಿಸುವುದು. ಅಲ್ಲಿ ಅದು ಎಷ್ಟು ಬೇಕಾದರೂ ಕೂಗಿಕೊಳ್ಳಲಿ, ಕೇಳುವವು ಕಾಗೆಗಳು.

ಮಳೆಗಾಲದ ಒಂದು ಬೆಳಗ್ಗೆ ಕೆಂಚಿ ಈಯಿತು. ಹೆಣ್ಣು ಕರು, ತಾಯಿಯ ಹಾಗೇ ಕೆಂಪು, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಹತ್ತನೆಯ ದಿನ ಕರುವಿನ ಕಿವಿಗೆ ಸರ್ಕಾರದ ನಂಬರಿನ ಓಲೆ ಹಾಕುವುದಕ್ಕೆ ನಾನು ಹೋಗಿದ್ದೆ. ಗಾಜಿನ ಫೋನಿನಲ್ಲಿ ಕೆಂಚಿಯ ನಂಬರು ಹಾಕಿದರೆ ಅದು ಒಪ್ಪಲಿಲ್ಲ. “ಈ ರಾಸು ಗರ್ಭ ಧರಿಸಿಲ್ಲ. ಕರು ನೋಂದಣಿ ಸಾಧ್ಯವಿಲ್ಲ. ಧನ್ಯವಾದಗಳು” ಅಂತ ಬೀದಿಗೆಲ್ಲ ಕೂಗಿತು. ಆ ಕ್ಷಣಕ್ಕೇ ಮಾದಪ್ಪ ಹೊಸ ಹಗ್ಗ ಹಿಡಿದುಕೊಂಡು ಬಾಗಿಲಿಗೆ ಬಂದ.

“ಮಾತು ನೆಪ್ಪದಲ್ಲ ರುದ್ರಿ? ಮೊದಲ್ನೆ ಕರ ನಂದು.”

ರುದ್ರಮ್ಮ ಕರುವಿನ ಬೆನ್ನು ಸವರುತ್ತ ಕೂತಿದ್ದಳು. ಏಳಲೂ ಇಲ್ಲ.

“ಯಾವ ಕರ ಭಾವ?”

“ಇದೇ, ನಿನ್ನ ಮುಂದ್ಗಡೆ ಇರೋದು.”

“ಈಗ್ತಾನೆ ಸರ್ಕಾರದ ಫೋನು ಯೋಳ್ತಲ್ಲ, ಕೇಳ್ಲಿಲ್ವಾ? ಕೆಂಚಿ ಗಬ್ಬನೇ ಆಗಿಲ್ವಂತೆ. ಸರ್ಕಾರದ ಫೋನು ಯೋಳಿದ್ದೇ ದಿಟ ಅಂತ ಅವತ್ತು ನೀವೇ ಅಂದ್ರಲ್ಲ. ಗಬ್ಬನೇ ಆಗ್ದಿರೋ ಅಸುಕ್ಕೆ ಕರ ಎಲ್ಲಿಂದ ಬತ್ತದ? ಇಲ್ದಿರೋ ಕರಾನ ಎಂಗ್ ಕೊಡ್ಲಿ?”

ಮಾದಪ್ಪ ಕರುವನ್ನು ನೋಡಿದ, ಗಾಜಿನ ಫೋನನ್ನು ನೋಡಿದ. ಕರು ಬಾಲ ಎತ್ತಿಕೊಂಡು ತಾಯಿಯ ಕೆಚ್ಚಲು ಗುದ್ದುತ್ತಿತ್ತು. ಆ ಹೆಂಗಸು ಮರುಪರೀಕ್ಷೆ ಬೇಡ ಅಂದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು. ನಾಲ್ಕು ತಿಂಗಳು ಈ ಒಂದು ಮಾತನ್ನು ಬಾಯೊಳಗೆ ಇಟ್ಟುಕೊಂಡು ಕಾದಿದ್ದಳು.

ಮಾದಪ್ಪ ನನ್ನ ಕಡೆ ತಿರುಗಿದ. “ನೀನಾರ ಯೋಳವ್ವ ಯಶೋಧರಮ್ಮ. ಇದು ಕರ ಅಲ್ವಾ?”

ಹದಿಮೂರು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ನನ್ನ ಹೆಸರು ಸರಿಯಾಗಿ ಬಂದಿತ್ತು. ಮನಸ್ಸು ಒಂದು ಗಳಿಗೆ ಕರಗಿತು ಕೂಡ. ಆಮೇಲೆ ಗೋಣಿ ಹೊದ್ದು ಮಲಗಿದ್ದ ಆ ಸಾಯುವ ಕರು ನೆನಪಾಯಿತು. ನಾನು ಚೀಲದಿಂದ ಗುಂಡಿ ಫೋನು ತೆಗೆದೆ. ಕೊನೆಯ ಸಾಲಿನಲ್ಲಿ ಬಲಗಡೆಯ ಗುಂಡಿಯನ್ನು, ಅವನಿಗೆ ಚೆನ್ನಾಗಿ ಕೇಳುವ ಹಾಗೆ, ಒಂದೇ ಒಂದು ಸಲ ಒತ್ತಿದೆ.

ಟಕ್.